ಹಿಟ್ಟಿನ ಮಿಲ್ಲಿನ ಡಿ.ಪಿ.

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬ ಇದೆ. ಅದರ ಮುಚ್ಚಳದ ಮೇಲೆ ‘ಸರೋ’ ಎಂದು ಚುಕ್ಕಿಚುಕ್ಕಿಯಾಗಿ ಕೊರೆದಿದೆ. ಅಮ್ಮನ ಹೆಸರು ಸರೋಜ. ಪಾತ್ರೆ ಅಂಗಡಿಯವನು ಹೆಸರು ಹಾಕುತ್ತಿದ್ದಾಗ ನಡುವೆ ಕರೆಂಟು ಹೋಯಿತಂತೆ. ಬಸ್ಸಿಗೆ ಹೊತ್ತಾಗುತ್ತದೆಂದು ಅಪ್ಪ ಬಂದಷ್ಟು ಅಕ್ಷರ ಸಾಕು ಎಂದು ಡಬ್ಬ ಎತ್ತಿಕೊಂಡು ಬಂದರಂತೆ. ಅಂದಿನಿಂದ ಯಲಹಂಕದ ಹಳೇ ಊರಿನ ನಮ್ಮ ಬೀದಿಗೆಲ್ಲ ಅಮ್ಮ ಸರೋ ಆಗಿಬಿಟ್ಟಳು. ಹೆಸರಿನ ಬಾಕಿ ಅಕ್ಷರವನ್ನು ಯಾರೂ ಕೇಳಲಿಲ್ಲ.

ಮೊನ್ನೆ ಆ ಡಬ್ಬ ತೊಳೆದು ಒಣಗಿಸುವಾಗ ಮುಚ್ಚಳದ ಒಳಗೆ ನಾನೇ ಅಂಟಿಸಿದ್ದ ಚೀಟಿಗಳು ಕಂಡವು. ಒಂದರ ಮೇಲೊಂದು ಅಂಟಿ ಸಣ್ಣ ಬಿಸ್ಕತ್ತಿನಷ್ಟು ದಪ್ಪವಾಗಿವೆ. ಪ್ರತಿ ಸಲ ಹಿಟ್ಟು ಮಾಡಿಸಿದ ತಾರೀಕು ಅದರಲ್ಲಿದೆ. ನನಗೆ ತಾರೀಕು ಹಾಕುವ ಚಟ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಎಲ್ಲರೂ ಬರೆಯುತ್ತಾರೆ, ಅದು ಬಿಡಿ. ನಾನು ಹಲ್ಲುಜ್ಜುವ ಬ್ರಷ್ಷಿನ ಹಿಡಿಯ ಮೇಲೂ ಬರೆಯುತ್ತೇನೆ, ಬಲ್ಬಿನ ಪಕ್ಕದ ಗೋಡೆಯ ಮೇಲೂ ಬರೆಯುತ್ತೇನೆ, ಹೊಸ ಚಪ್ಪಲಿಯ ಅಡಿಯಲ್ಲೂ ಬರೆಯುತ್ತೇನೆ. ಚಪ್ಪಲಿಯದು ಎರಡೇ ದಿನದಲ್ಲಿ ಸವೆದುಹೋಗುತ್ತದೆ. ಆದರೂ ಬರೆದರೆ ಒಂದು ಸಮಾಧಾನ. ಹೆಬ್ಬಾಳದ ಒಂದು ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ಲುಗಳಿಗೆ ಲೇಬಲ್ ಅಂಟಿಸುವುದು ನನ್ನ ಕೆಲಸ. ಕೆಲಸದಿಂದ ಚಟ ಬಂತೋ, ಚಟ ನೋಡಿಯೇ ಕೆಲಸ ಕೊಟ್ಟರೋ ಗೊತ್ತಿಲ್ಲ.

“ನನ್ನ ಬೆನ್ನಿಗೂ ಒಂದು ಚೀಟಿ ಅಂಟಿಸ್ಬಿಡು. ಎಕ್ಸ್‌ಪೈರಿ ಯಾವಾಗ ಅಂತ ಎಲ್ರಿಗೂ ಗೊತ್ತಾಗ್ಲಿ” ಎನ್ನುತ್ತಾಳೆ ಅಮ್ಮ.

ಆ ಚೀಟಿಗಳನ್ನೆಲ್ಲ ಕೆರೆದು ತೆಗೆಯಬೇಕೆಂದು ಚಾಕು ಹಿಡಿದು ಕೂತವಳು ಹಾಗೇ ಕೂತುಬಿಟ್ಟೆ. ಪ್ರತಿ ಚೀಟಿಯ ಹಿಂದೆಯೂ ಜಯಕ್ಕನ ಮಿಲ್ಲು ಗರ್ರ್ ಎನ್ನುತ್ತಿತ್ತು.

ಜಯಕ್ಕನ ಮಿಲ್ಲು ಅಂದರೆ ಒಂದೇ ರೂಮು. ಎರಡು ಮೆಟ್ಟಿಲು, ಒಂದು ರೋಲಿಂಗ್ ಶಟರು, ಒಳಗೆ ಬೆಲ್ಟಿನಲ್ಲಿ ತಿರುಗುವ ಮಿಷನ್ನು. ಗೋಡೆ, ಗಡಿಯಾರ, ದೇವರ ಪಟ ಎಲ್ಲದರ ಮೇಲೂ ಹಿಟ್ಟು. ನಾನು ಚಿಕ್ಕವಳಿದ್ದಾಗ ಆ ಗಡಿಯಾರದಲ್ಲಿ ಮುಳ್ಳೇ ಇಲ್ಲ ಎಂದುಕೊಂಡಿದ್ದೆ. ಅಲ್ಲಿ ಜನ ಕ್ಯೂ ನಿಲ್ಲುತ್ತಿರಲಿಲ್ಲ, ಡಬ್ಬಗಳು ನಿಲ್ಲುತ್ತಿದ್ದವು. ಡಬ್ಬ ಇಟ್ಟರೆ ಮನುಷ್ಯ ನಿಂತ ಹಾಗೆ. ತರಕಾರಿ ತಂದು, ಪಕ್ಕದ ಮನೆಯಲ್ಲಿ ಕಾಫಿ ಕುಡಿದು, ಜಗಳವಾಡಿ ಬರಬಹುದು, ಡಬ್ಬ ತನ್ನ ಜಾಗದಲ್ಲೇ ಇರುತ್ತಿತ್ತು. ಮುಂದಿನದು ಖಾಲಿಯಾದಾಗ ಹಿಂದಿನವರು ಎಲ್ಲ ಡಬ್ಬಗಳನ್ನೂ ಒಂದೊಂದು ಹೆಜ್ಜೆ ಮುಂದಕ್ಕೆ ಸರಿಸಬೇಕು. ಆದರೆ ಕಾಲಿನಿಂದ ತಳ್ಳುವಂತಿಲ್ಲ. ಒಳಗಿರುವುದು ಅನ್ನ, ಬಗ್ಗಿ ಕೈಯಿಂದಲೇ ಸರಿಸಬೇಕು. ನಾನು ಒಮ್ಮೆ ಕಾಲಿನಿಂದ ತಳ್ಳಿ, ಡಬ್ಬ ಮೆಟ್ಟಿಲಿನಿಂದ ಉರುಳಿ ಸೊಟ್ಟಗಾಯಿತು. ‘ಸರೋ’ದ ಪಕ್ಕದಲ್ಲಿರುವ ತಗ್ಗು ಅದೇ.

ಬೀಸಿದ ಹಿಟ್ಟು ಬಿಸಿಯಾಗಿರುತ್ತದೆ. ಇದು ನಿಮಗೆ ಗೊತ್ತಿರಬಹುದು, ಪ್ಯಾಕೆಟ್ ಹಿಟ್ಟು ತಿನ್ನುವವರಿಗೆ ಗೊತ್ತಿಲ್ಲ. ಚಳಿಗಾಲದ ಬೆಳಿಗ್ಗೆ ಆ ಡಬ್ಬವನ್ನು ಹೊಟ್ಟೆಗೆ ಅವುಚಿಕೊಂಡು ಬರುವ ಸುಖಕ್ಕಾಗಿ ನಾನೂ ನನ್ನ ತಮ್ಮನೂ ಜಗಳವಾಡುತ್ತಿದ್ದೆವು. ಇನ್ನೊಂದು ವಿಷಯ. ನಮ್ಮ ಮುಂದೆ ಯಾರು ಬೀಸಿಸಿರುತ್ತಾರೋ ಅವರ ಹಿಟ್ಟಿನ ಒಂದು ಹಿಡಿ ಮಿಷನ್ನಿನಲ್ಲಿ ಉಳಿದು ನಮ್ಮದರಲ್ಲಿ ಸೇರುತ್ತದೆ. ನಮ್ಮದು ಹಿಂದಿನವರಿಗೆ ಹೋಗುತ್ತದೆ. ಹಾಗಾಗಿ ಆ ಬೀದಿಯಲ್ಲಿ ಯಾರೂ ಪೂರ್ತಿ ತಮ್ಮದೇ ಮುದ್ದೆ ಉಂಡವರಲ್ಲ.

ಜಯಕ್ಕ ಹಳೇ ಊರಿನ ಒಕ್ಕಲು ಮನೆತನದ ಸೊಸೆ. ಗಂಡ ಹೋದ ಮೇಲೆ ಮಿಲ್ಲನ್ನು ತಾನೇ ನಡೆಸುತ್ತಾ ಬಂದಳು. ಜಾಗ ಮಾತ್ರ ಮೈದುನ ನಾರಾಯಣಪ್ಪನದು. ಆತ ಮಿಲ್ಲಿನ ರೂಮನ್ನು ಹಾಗೇ ಬಿಟ್ಟು ಅದರ ಮೇಲೆ ಮೂರು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾನೆ. ಕಷ್ಟ ಶುರುವಾದದ್ದು ಅಲ್ಲಿಂದ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ತಣಿಸಂದ್ರದ ಅಪಾರ್ಟ್‌ಮೆಂಟಿಗೋ, ಟಿ. ದಾಸರಹಳ್ಳಿಗೋ, ಆರ್.ಟಿ. ನಗರಕ್ಕೋ ಹೋದರು. ಇದ್ದವರು ಫೋನಿನಲ್ಲೇ ಒತ್ತಿ ಮನೆಬಾಗಿಲಿಗೆ ಹಿಟ್ಟು ತರಿಸತೊಡಗಿದರು. ಮೇಲಿನ ಬಾಡಿಗೆಯವರು ಮಿಲ್ಲಿನ ನಡುಕದ ಬಗ್ಗೆ ದೂರತೊಡಗಿದರು.

ಕಳೆದ ವರ್ಷ ಆಷಾಢದ ಒಂದು ಭಾನುವಾರ ನಾನು ರಾಗಿ ತೆಗೆದುಕೊಂಡು ಹೋಗಿದ್ದೆ. ನಮ್ಮ ಡಬ್ಬ ಬಿಟ್ಟರೆ ಮೆಟ್ಟಿಲ ಮೇಲೆ ಬೆಕ್ಕೊಂದೇ ಇತ್ತು. ನಾರಾಯಣಪ್ಪ ಬಂದು ಬಾಗಿಲಲ್ಲೇ ನಿಂತ.

“ಅತ್ಗೆ, ಮೇಲಿನ್ ಮನೆಯವ್ರು ಮತ್ತೆ ಫೋನ್ ಮಾಡಿದ್ರು. ಸ್ಟವ್ ಮೇಲಿನ ಹಾಲಿನ ಪಾತ್ರೆ ತಾನೇ ನಡ್ಕೊಂಡ್ ಹೋಗ್ತದಂತೆ.”

“ನಡೀಲಿ ಬಿಡಪ್ಪ. ಅವ್ರಂತೂ ನಡಿಯಲ್ಲ, ಹಾಲಾದ್ರೂ ನಡೀಲಿ” ಎಂದಳು ಜಯಕ್ಕ.

ನಾರಾಯಣಪ್ಪ ನಗಲಿಲ್ಲ. “ತಮಾಷೆ ಅಲ್ಲ ಅತ್ಗೆ. ಕಾಫಿ ಅಂಗಡಿಯವ್ರು ಈ ರೂಮು ಕೇಳ್ತಾವ್ರೆ. ದೀಪಾವಳಿವರ್ಗೂ ನೋಡ್ತೀನಿ. ಜನ ಬಂದ್ರೆ ಸರಿ. ಇಲ್ದಿದ್ರೆ ಕೊಟ್ಬಿಡ್ತೀನಿ. ನೀವು ಮನೇಲಿ ಆರಾಮಾಗಿರಿ. ನಾನೇನ್ ನಿಮ್ಗೆ ಅನ್ನ ಹಾಕಲ್ವಾ?”

ಆತ ಕೆಟ್ಟವನಲ್ಲ. ಹಾಕುತ್ತಾನೆ, ಅದು ಜಯಕ್ಕನಿಗೂ ಗೊತ್ತು. ಆತ ಹೋದ ಮೇಲೆ ಅವಳು ಮಿಷನ್ನಿನ ಬಾಯಿಗೆ ಕೋಲಿನಿಂದ ಟಕ್ ಟಕ್ ಹೊಡೆದು ಕೊನೆಯ ಹಿಟ್ಟು ಉದುರಿಸುತ್ತಾ ಹೇಳಿದಳು: “ಅನ್ನ ಮನೇಲೂ ಸಿಕ್ತದೆ ಮಗ. ಆದ್ರೆ ಮನೇಲಿ ಕೂತ್ರೆ ‘ಜಯಕ್ಕ, ಒಸಿ ನುಣ್ಣಗಿರ್ಲಿ’ ಅಂತ ನಂಗೆ ಯಾರಂತಾರೆ?”

ನಾನು ಮನೆಗೆ ಬಂದು ಡೈರಿಯಲ್ಲಿ ‘ಮಿಲ್ಲಿಗೆ ದೀಪಾವಳಿ ಗಡುವು’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಗೆರೆ ಎಳೆದ ಮೇಲೆ ನನಗೆ ಸುಮ್ಮನಿರಲಾಗುವುದಿಲ್ಲ. ಮುಂದಿನ ವಾರವೇ ಜಯಕ್ಕನ ಫೋನಿಗೆ ವ್ಯಾಪಾರದ ವಾಟ್ಸಾಪು ಹಾಕಿಕೊಡಲು ಹೋಗಿ ಕೂತೆ.

ಗಿರಾಕಿಗಳ ನಂಬರು ಎಲ್ಲಿಂದ ತರುವುದು ಎಂಬ ಚಿಂತೆ ಬೇಕಾಗಲಿಲ್ಲ. ಡಬ್ಬ ಬಿಟ್ಟು ಹೋಗುವವರೆಲ್ಲ ಮುಚ್ಚಳದ ಮೇಲೆ ಫೋನ್ ನಂಬರು ಬರೆದಿರುತ್ತಾರೆ. ಹಾಗೆ ಬರೆದ ಹಳೆಯ ಡಬ್ಬಗಳು ಅಟ್ಟದ ಮೇಲೆ ಎಷ್ಟೋ ಉಳಿದಿದ್ದವು. ಊರು ಬಿಡುವಾಗ ಮರೆತು ಹೋದವು, ಇನ್ನೊಂದು ಸಲ ಬಂದಾಗ ಒಯ್ಯುತ್ತೇವೆ ಎಂದು ಇಟ್ಟು ಹೋದವು. ನಾನು ಮುಚ್ಚಳ ಓದಿ ನಂಬರು ಒತ್ತುವುದು, ಜಯಕ್ಕ ಹೆಸರು ಹೇಳುವುದು.

“ಇದು ರಾಗಿ ಕಮಲಂದು.”

“ಪೂರ್ತಿ ಹೆಸರು ಹೇಳಿ ಜಯಕ್ಕ.”

“ಅದೇ ಪೂರ್ತಿ. ಇದು ಕಡ್ಲೆ ಲಾಯರು. ಅದು ಅಕ್ಕಿ ಮೇಷ್ಟ್ರು. ಅಗೋ ಅದು ಗೋಧಿ ಗುಂಡಮ್ಮ.”

“ಗುಂಡಮ್ಮ ನಿಜವಾದ ಹೆಸರಾ?”

“ಗೋಧಿ ನಿಜ ಮಗ.”

ಹೀಗೆ ಆ ಫೋನಿನಲ್ಲಿ ಯಲಹಂಕದ ಅರ್ಧ ಊರು ಧಾನ್ಯದ ಹೆಸರಿನಲ್ಲಿ ಸೇರಿಕೊಂಡಿತು. ನನ್ನ ನಂಬರನ್ನು ಮಾತ್ರ ಅವಳೇ ಒತ್ತಿಕೊಂಡಳು. ಆಮೇಲೆ ಕದ್ದು ನೋಡಿದೆ, ‘ಸರೋ ಮಗಳು ಪ್ರಶ್ನೆ ಜಾಸ್ತಿ’ ಎಂದಿತ್ತು.

ಹಿಟ್ಟಿನ ಮಿಲ್ಲಿನಲ್ಲಿ ಟಚ್ ಸ್ಕ್ರೀನು ನಡೆಸುವುದು ಸುಲಭವಲ್ಲ. ಬೆರಳಿಗೆ ಹಿಟ್ಟಿದ್ದರೆ ಫೋನು ಒಪ್ಪುವುದಿಲ್ಲ. ಜಯಕ್ಕ ಮೊದಲು ಸೆರಗಿನಿಂದ ಒರೆಸಿದಳು, ಸೆರಗಿನಲ್ಲೂ ಹಿಟ್ಟಿತ್ತು. ಕೊನೆಗೆ ಫೋನನ್ನು ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿ ಮೊಳೆಗೆ ನೇತುಹಾಕಿ, ಮೊಣಕೈಯಿಂದ ಒತ್ತುವುದನ್ನು ಕಲಿತಳು. ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆ ತಂದಿಟ್ಟೆ. ಮಿಷನ್ನಿನ ಸದ್ದಿಗೆ ಅದು ಏನು ಕೂಗಿದರೂ ಕೇಳದು. “ಪಾಪ, ಗಂಟಲು ಹರ್ಕೊಂತದೆ” ಎಂದು ಅದನ್ನು ಮನೆಗೆ ಒಯ್ದು ಕಿಟಕಿಯಲ್ಲಿಟ್ಟಳು.

ವಾಯ್ಸ್ ಮೆಸೇಜಿನದು ಇನ್ನೊಂದು ಕತೆ. ‘ನಿಮ್ಮ ಡಬ್ಬ ಆಯಿತು, ಬನ್ನಿ’ ಎಂದು ಅವಳು ಮಿಷನ್ನಿನ ಪಕ್ಕದಲ್ಲೇ ನಿಂತು ಹೇಳಿ ಕಳಿಸುತ್ತಿದ್ದಳು. ಕೇಳುವವರಿಗೆ ಬರೀ ಗರ್ರ್. ಆದರೆ ವಿಚಿತ್ರ ನೋಡಿ, ಜನಕ್ಕೆ ಅದೇ ಸಾಕಾಯಿತು. ಗರ್ರ್ ಅಂದರೆ ಕರೆಂಟಿದೆ, ಮಿಲ್ಲು ತೆಗೆದಿದೆ, ಜಯಕ್ಕ ಇದ್ದಾಳೆ. ಇನ್ನೇನು ಬೇಕು?

ಇಷ್ಟಾದರೂ ಡಬ್ಬಗಳು ಹೆಚ್ಚಲಿಲ್ಲ. ದೂರ ಹೋದವರು ಮೆಸೇಜಿಗೆ ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾದರು. ನನ್ನ ಡೈರಿಯಲ್ಲಿ ಪ್ರತಿ ಭಾನುವಾರದ ಡಬ್ಬಗಳಿಗೆ ಒಂದೊಂದು ಗೀಟು ಹಾಕುತ್ತಿದ್ದೆ. ಶ್ರಾವಣ ಬಂದರೂ ಗೀಟುಗಳು ಬಾಚಣಿಗೆಯ ಮುರಿದ ಹಲ್ಲುಗಳ ಹಾಗೆ ಅಲ್ಲೊಂದು ಇಲ್ಲೊಂದು. ಆಗ ನನಗೆ ಇನ್ನೂ ಎರಡು ಉಪಾಯ ಹೊಳೆದವು. ಒಂದು, ಜಯಕ್ಕ ಫೋನು ನೋಡದಿದ್ದಾಗ ತಾನಾಗಿ ಹೋಗುವ ಉತ್ತರ. ಲ್ಯಾಬಿನ ಭಾಷೆಯಲ್ಲಿ ಅಚ್ಚುಕಟ್ಟಾಗಿ ಬರೆದೆ: ‘ನಿಮ್ಮ ಸಂದೇಶ ತಲುಪಿದೆ. ನಾವು ಈಗ ಉತ್ತರಿಸುವ ಸ್ಥಿತಿಯಲ್ಲಿಲ್ಲ. ಆದಷ್ಟು ಬೇಗ ನಿಮ್ಮನ್ನು ಸಂಪರ್ಕಿಸುತ್ತೇವೆ.’ ಎರಡನೆಯದನ್ನು ಒಂದು ಶುಕ್ರವಾರ ಬಸ್ಸಿನಿಂದಲೇ ಫೋನಿನಲ್ಲಿ ಹೇಳಿದೆ. “ಡಿ.ಪಿ. ಖಾಲಿ ಇದೆ ಜಯಕ್ಕ. ಒಂದು ಒಳ್ಳೆ ಫೋಟೊ ಹಾಕಿ. ಅಂಗಡಿ ಅಂದ್ಮೇಲೆ ಒಂದು ಮುಖ ಬೇಕು.”

ಹಾಕಿದಳು. ತಾನೇ ಹಾಕಿದಳು, ಯಾರನ್ನೂ ಕೇಳದೆ.

ಮಾರನೆಯ ದಿನ ಶನಿವಾರ ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದೆ. ಅಮ್ಮ ಫೋನ್ ಮಾಡಿದಳು.

“ಜಯಕ್ಕನ ಫೋಟೊ ನೋಡಿದ್ಯೇನೇ?”

ನೋಡಿದೆ. ರೇಷನ್ ಕಾರ್ಡಿಗೆಂದು ತೆಗೆಸಿದ್ದ ಕಪ್ಪುಬಿಳುಪು ಫೋಟೊ. ಜಯಕ್ಕ ನೇರವಾಗಿ ನೋಡುತ್ತಿದ್ದಾಳೆ, ನಗು ಇಲ್ಲ. ಸುತ್ತ ಚೆಂಡುಹೂವಿನ ಹಾರ. ಎಡಬಲಕ್ಕೆ ಉರಿಯುವ ದೀಪ. ಯಾವುದೋ ಫೋಟೊ ಆ್ಯಪಿನಲ್ಲಿ ಸಿಗುವ ಚೌಕಟ್ಟು ಅದು ಎಂದು ಈಗ ಹೇಳಬಲ್ಲೆ. ಆಗ ಹೊಳೆಯಲಿಲ್ಲ. ಹಾರದೊಳಗಿನ ಮುಖ ನೋಡಿದರೆ ನಮ್ಮ ಜನಕ್ಕೆ ಇನ್ನೇನು ಹೊಳೆಯುತ್ತದೆ? ‘ಜಯಕ್ಕ’ ಎಂದು ಮೆಸೇಜು ಮಾಡಿದೆ. ಕೂಡಲೇ ಉತ್ತರ ಬಂತು. ತಾನು ಈಗ ಉತ್ತರಿಸುವ ಸ್ಥಿತಿಯಲ್ಲಿಲ್ಲವೆಂದೂ ಆದಷ್ಟು ಬೇಗ ನನ್ನನ್ನು ಸಂಪರ್ಕಿಸುವುದಾಗಿಯೂ ತಿಳಿಸಿದಳು.

ಅರ್ಧ ದಿನ ರಜೆ ಹಾಕಿ ಓಡಿದೆ. ಮಿಲ್ಲಿನ ಶಟರು ಇಳಿದಿತ್ತು. ಒಳಗೆ ಮೊಳೆಯ ಮೇಲಿನ ಫೋನು ರಿಂಗಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ರಿಂಗಾಗುತ್ತಿತ್ತು. ಹೊರಗೆ ನಾರಾಯಣಪ್ಪ ತನ್ನ ಫೋನನ್ನು ಕಿವಿಗೆ ಒತ್ತಿಕೊಂಡು ಬೆವರುತ್ತಾ ನಿಂತಿದ್ದ.

“ನಾರಾಯಣಣ್ಣ, ಜಯಕ್ಕ...” ಎಂದೆ.

“ನೀನೂನಾ?” ಎಂದ ಆತ. “ಬೆಳಿಗ್ಗೆ ನಾನೇ ಬಸ್ ಹತ್ತಿಸ್ ಬಂದಿದೀನಿ ಕಣಮ್ಮ. ಇವತ್ತು ಲೈನ್ ರಿಪೇರಿ, ಕರೆಂಟಿಲ್ಲ ಅಂತ ಚಿಕ್ಕಬಾಣಾವರದ ತಂಗಿ ಮನೆಗ್ ಹೋದ್ರು. ಫೋನು ಇಲ್ಲೇ ಬಿಟ್ಟವ್ರೆ. ಆ ತಂಗಿಗೆ ಈಗ ಮಾತಾಡ್ದೆ, ಅಲ್ಲಿ ಒಬ್ಬಟ್ಟು ತಿಂತಾ ಕೂತವ್ರಂತೆ. ಯಾರಮ್ಮ ಇದನ್ನ ಹಬ್ಬಿಸಿದ್ದು?”

ನಾನು ಫೋಟೊ ತೋರಿಸಿದೆ. ಆತ ಬಹಳ ಹೊತ್ತು ನೋಡಿ, “ಫೋಟೊ ಚೆನ್ನಾಗೈತೆ” ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನೂ ಕೂತೆ.

ಅಷ್ಟರಲ್ಲಿ ಆತನ ಫೋನು ಮತ್ತೆ ಬಡಿದುಕೊಂಡಿತು. “ಇಲ್ಲ ರೀ, ಬದುಕವ್ರೆ. ಹೌದು ರೀ, ಚೆನ್ನಾಗವ್ರೆ... ಅಳ್ಬೇಡಿ ರೀ...” ಇನ್ನೊಂದು. “ಏನೂ ಆಗಿಲ್ಲ ತಾಯಿ... ಹಲೋ? ಹಲೋ?” ಕೆಲವರು ಅತ್ತು ಇಟ್ಟುಬಿಡುತ್ತಿದ್ದರು, ಆತ ಹೇಳುವುದನ್ನು ಕೇಳುತ್ತಲೇ ಇರಲಿಲ್ಲ. ಇನ್ನು ಕೆಲವರದು ಉದ್ದ ಮಾತು. ಆತ ಸುಮ್ಮನೆ ಕೇಳುತ್ತಿದ್ದ, ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು. ನನ್ನ ಮದುವೆಯ ಹಪ್ಪಳದ ಹಿಟ್ಟು ಆಯಮ್ಮನೇ ಬೀಸಿಕೊಟ್ಟದ್ದು ಎಂದು ಒಬ್ಬರು. ನನ್ನ ಮಗುವಿಗೆ ಮೊದಲ ರಾಗಿ ಸರಿ ಆ ಮಿಷನ್ನಿನದು ಎಂದು ಇನ್ನೊಬ್ಬರು. ಒಂದು ಫೋನಿಗೆ ಮಾತ್ರ ಆತ ತಲೆ ತಗ್ಗಿಸಿ “ಹೂಂ... ಇಲ್ಲ, ಮುಚ್ಚಲ್ಲ... ಯೋಚ್ನೆ ಮಾಡ್ತೀನಿ” ಎಂದ.

ಫೋನು ತಣ್ಣಗಾದ ಮೇಲೆ ಆತ ನನ್ನ ಕಡೆ ತಿರುಗದೆ ಹೇಳಿದ: “ನಾನ್ ಸತ್ರೂ ಇಷ್ಟ್ ಫೋನ್ ಬರಲ್ಲ.”

ಆಮೇಲೆ ಎದ್ದು ಪ್ಯಾಂಟಿನ ಹಿಟ್ಟು ಕೊಡವಿಕೊಂಡ. “ಅತ್ಗೆಗೆ ನೀನೇ ಹೇಳ್ಬಿಡು. ನಂಗಾಗಲ್ಲ.”

ಭಾನುವಾರ ಬೆಳಿಗ್ಗೆ ಹೇಳಬೇಕೆಂದು ಹೋದೆ. ಜಯಕ್ಕ ಆಗಲೇ ಶಟರು ಎತ್ತಿ ಯಾರದೋ ಅಕ್ಕಿ ಸುರಿದಿದ್ದಳು. ಅಕ್ಕಿ ಬೀಸುವ ದಿನ ಅವಳ ಹುಬ್ಬು, ರೆಪ್ಪೆ, ಕೂದಲು ಎಲ್ಲ ಬೆಳ್ಳಗೆ. ನಾನು ಬಾಯಿ ತೆರೆಯುವ ಮೊದಲೇ ಆಟೋ ಒಂದು ಬಂದು ನಿಂತಿತು. ಇಳಿದವರು ತಣಿಸಂದ್ರದ ಅಕ್ಕಿ ಮೇಷ್ಟ್ರು. ಕೈಯಲ್ಲಿ ಕವರು, ಕವರಿನಲ್ಲಿ ಹಾರ. ಮೆಟ್ಟಿಲು ಹತ್ತಿ, ಹಿಟ್ಟಿನ ಮೋಡದೊಳಗೆ ಮುಖವೆಲ್ಲ ಬಿಳಿಯಾದ ಜಯಕ್ಕನನ್ನು ನೋಡಿದವರು ಗೋಡೆ ಹಿಡಿದುಕೊಂಡರು.

ಅವಳು ಸ್ವಿಚ್ಚು ಆರಿಸಿದಳು. “ಏನ್ ಮೇಷ್ಟ್ರೇ, ಬೋ ದಿನ ಆಯ್ತು. ಹಾರ ತಂದಿದೀರಾ, ಏನ್ ವಿಶೇಷ?”

ಮೇಷ್ಟರು ಅವಳನ್ನು ನೋಡಿದರು, ಹಾರ ನೋಡಿದರು, ನನ್ನನ್ನು ನೋಡಿದರು. “ಮಿಷನ್ನಿಗೆ ಕಣಮ್ಮ” ಎಂದರು.

“ಆಯುಧಪೂಜೆ ಇನ್ನೂ ದೂರ ಐತಲ್ಲ?”

“ಮುಂಚೇನೇ ಮಾಡಿದ್ರೆ ತಪ್ಪೇನಿಲ್ಲ.”

ಮಿಷನ್ನಿಗೆ ಹಾರ ಹಾಕುತ್ತಿರುವಾಗಲೇ ಟಿ. ದಾಸರಹಳ್ಳಿಯ ರಾಗಿ ಕಮಲ ಬಂದರು. ಅವರಿಗೆ ಮೇಷ್ಟರ ಚಾಕಚಕ್ಯತೆ ಇರಲಿಲ್ಲ. ಬಾಗಿಲಲ್ಲೇ “ಅಯ್ಯೋ ಜಯಾ, ಇದ್ದೀಯೇನೇ” ಎಂದು ಅತ್ತುಬಿಟ್ಟರು. ಹಿಂದೆಯೇ ಕಡ್ಲೆ ಲಾಯರು ಬಂದರು. ಇನ್ನೂ ಒಂದಿಬ್ಬರು ಬಂದರು. ಮುಚ್ಚಿಡಲು ಸಾಧ್ಯವಾಗದೆ ನಾನು ಫೋನು ತೆಗೆದು ತೋರಿಸಿ ಎಲ್ಲ ಹೇಳಿದೆ. ಜಯಕ್ಕ ಫೋಟೊ ನೋಡಿದಳು.

“ಹೂವು, ದೀಪ. ಲಕ್ಷಣವಾಗೈತಲ್ಲ?” ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗು ನಿಂತ ಮೇಲೆ ಒಬ್ಬೊಬ್ಬರ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದಳು: “ಅಂಗಾದ್ರೆ ನಾನ್ ಸತ್ತೆ ಅಂತ ಬಂದ್ರಾ ಎಲ್ಲ? ಇದ್ದಾಗ ಒಬ್ರೂ ಬರ್ಲಿಲ್ವಲ್ಲ.”

ಲಾಯರು ಕನ್ನಡಕ ತೆಗೆದು ಒರೆಸಿದರು, ಆ ರೂಮಿನಲ್ಲಿ ಅದು ಇನ್ನಷ್ಟು ಮಸುಕಾಯಿತು. ಕಮಲ ಮೂಗು ಒರೆಸಿಕೊಂಡು, “ತಪ್ಪಾಯ್ತು ಕಣೇ. ಬರೋ ವಾರ ಬರ್ತೀನಿ” ಎಂದರು.

“ಬಾ. ಹಾರ ಬ್ಯಾಡ, ರಾಗಿ ತಗೊಂಡ್ ಬಾ.”

ಅಟ್ಟದ ಮೇಲಿನ ಹಳೆಯ ಡಬ್ಬಗಳನ್ನು ಅಂದೇ ಇಳಿಸಿ ಅವರವರ ಕೈಗೆ ಕೊಟ್ಟು ಕಳಿಸಿದಳು. ಖಾಲಿ ಡಬ್ಬ ಕೈಯಲ್ಲಿ ಹಿಡಿದು ಹೋದವರು ಮತ್ತೆ ಬರದೆ ಇರಲು ಎಷ್ಟು ಗಟ್ಟಿ ಮನಸ್ಸು ಬೇಕು, ನೀವೇ ಯೋಚಿಸಿ. ಆದರೂ ಕೆಲವರು ಬರಲಿಲ್ಲ, ನಿಜ ಹೇಳಬೇಕಲ್ಲ. ಲಾಯರು ಒಂದೇ ಸಲ ಬಂದರು. ಆದರೆ ಮೇಷ್ಟರು ತಮ್ಮ ಅಪಾರ್ಟ್‌ಮೆಂಟಿನವರ ಡಬ್ಬಗಳನ್ನೆಲ್ಲ ಒಂದೇ ಆಟೋದಲ್ಲಿ ಹಾಕಿಕೊಂಡು ಬರತೊಡಗಿದರು. ಕಮಲ ತಮ್ಮ ಬೀದಿಯವರನ್ನು ಹಿಡಿದು ತಂದರು. ಜಯಕ್ಕ ಡಬ್ಬಗಳ ಸಾಲಿನ ಫೋಟೊ ತೆಗೆದು ಆಗಾಗ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಹಾಕುವುದು ಕಲಿತಳು. ಜನ ಮನೆಯಲ್ಲಿ ತಿಂಡಿ ತಿನ್ನುತ್ತಾ ತಮ್ಮ ಡಬ್ಬ ಎಲ್ಲಿಯವರೆಗೆ ಸರಿದಿದೆ ಎಂದು ಫೋನಿನಲ್ಲಿ ನೋಡುತ್ತಾರೆ. ‘ಯಾರೋ ನಂದನ್ನ ಹಿಂದೆ ತಳ್ಳಿದಾರೆ’ ಎಂದು ಗೋಧಿ ಗುಂಡಮ್ಮ ಅಲ್ಲಿಂದಲೇ ಜಗಳ ತೆಗೆಯುತ್ತಾರೆ.

ನನ್ನ ಡೈರಿಯ ಗೀಟುಗಳು ಸಾಲು ದಾಟಿದವು. ಆದರೆ ದೀಪಾವಳಿ ಹತ್ತಿರ ಬಂದರೂ ನಾರಾಯಣಪ್ಪ ಏನೂ ಹೇಳಲಿಲ್ಲ. ನಾವು ಕೇಳಲಿಲ್ಲ. ಹಬ್ಬಕ್ಕೆ ವಾರವಿದೆ ಎನ್ನುವಾಗ ಆತ ಇಬ್ಬರನ್ನು ಕರೆತಂದ. ಒಬ್ಬನ ಕೈಯಲ್ಲಿ ಅಳತೆ ಟೇಪಿತ್ತು. ಜಯಕ್ಕ ಮಿಷನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು.

“ಕಾಫಿ ಅಂಗಡಿಯವ್ರು” ಎಂದಳು, ನನಗಷ್ಟೇ ಕೇಳುವಂತೆ.

ಟೇಪಿನವನು ಗೋಡೆ ಅಳೆಯಲಿಲ್ಲ. ಬಗ್ಗಿ ಮಿಷನ್ನಿನ ಕಾಲುಗಳನ್ನು ಅಳೆದ. ಇನ್ನೊಬ್ಬ ಹೊರಗಿನ ಆಟೋದಿಂದ ಅಂಗೈ ದಪ್ಪದ ಕಪ್ಪು ರಬ್ಬರು ತಂದು ಇಳಿಸಿದ. ಇಬ್ಬರೂ ಸೇರಿ ಮಿಷನ್ನನ್ನು ಜಾಕಿಯಿಂದ ಎತ್ತಿ, ಒಂದೊಂದೇ ಕಾಲಿನ ಕೆಳಗೆ ರಬ್ಬರು ಕತ್ತರಿಸಿ ಇಟ್ಟರು.

“ಮೇಲಿನ್ ಮನೆಯವ್ರ ಹಾಲು ಚೆಲ್ತಿತ್ತು, ಅದಕ್ಕೆ” ಎಂದ ನಾರಾಯಣಪ್ಪ, ಬೀದಿಯ ಕಡೆ ನೋಡುತ್ತಾ. ಹೋಗುವಾಗ ಬಾಗಿಲಲ್ಲಿ ತಿರುಗಿ, “ಅತ್ಗೆ, ಆ ಹಾರದ್ ಫೋಟೊ ಒಂದು ಬದ್ಲಾಯ್ಸಿ. ಇನ್ನೂ ಫೋನ್ ಬರ್ತಾವೆ ನಂಗೆ” ಎಂದ.

ಜಯಕ್ಕ ಸ್ವಿಚ್ಚು ಒತ್ತಿ, ಮಿಷನ್ನಿನ ಮೈಮೇಲೆ ಅಂಗೈ ಇಟ್ಟು, ಹೊಸ ಕಾಲಿನ ಮೇಲೆ ಅದು ಹೇಗೆ ನಿಂತಿದೆ ಎಂದು ಬಹಳ ಹೊತ್ತು ನೋಡುತ್ತಿದ್ದಳು.

ಈಗ ಡಿ.ಪಿ.ಯಲ್ಲಿ ಮೇಷ್ಟರ ಹಾರ ಹಾಕಿಕೊಂಡ ಮಿಷನ್ನಿದೆ. ಚೀಟಿಗಳನ್ನು ನಾನು ಕೆರೆಯಲಿಲ್ಲ. ಚಾಕು ಒಳಗಿಟ್ಟು, ಡಬ್ಬಕ್ಕೆ ರಾಗಿ ತುಂಬಿಸಿದೆ. ಅಷ್ಟರಲ್ಲಿ ಮೇಜಿನ ಮೇಲೆ ಅಮ್ಮನ ಫೋನು ಸದ್ದು ಮಾಡಿತು. ಅವಳು ಬಟ್ಟೆ ಮಡಚುತ್ತಲೇ ಕಿರುಬೆರಳಿನಿಂದ ಒತ್ತಿದಳು. ಮಾತೇನೂ ಇಲ್ಲ, ಗರ್ರ್ ಎಂಬ ಸದ್ದು ಅಷ್ಟೇ.

ಅಮ್ಮ ಅದನ್ನು ಕೊನೆಯವರೆಗೂ ಕೇಳಿದಳು.

“ಇದಾಳೆ” ಎಂದಳು. “ಹೊರಡು, ಡಬ್ಬ ಬಿಸಿಬಿಸಿ ಇರೋವಾಗ್ಲೇ ತಗೊಂಡ್ ಬಾ.”